ನಿರುದ್ಯೋಗ, ಮರುಉದ್ಯೋಗ ಮತ್ತು ಪಾಲನಾ ಸೇವೆ: ಕೊಡಗಿನ ಹಿನ್ನೆಲೆಯಲ್ಲಿ

ಪೀಠಿಕೆ

ಥೆಸಲೋನಿಯರಿಗೆ ಬರೆದ ಎರಡನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿ, ದುಡಿಯಲು ಮನಸ್ಸಿಲ್ಲದವರ ಬಗ್ಗೆ ಸಂತ ಪೌಲರು ಆಡಿರುವ ಕಠಿಣ ಮಾತನ್ನು ಗುರುಗಳೆಲ್ಲರೂ ಬಲ್ಲರು. ಪೂಜಾವಿಧಿಯ 'ಸಿ' ವರ್ಷದಲ್ಲಿ, ಸಾಧಾರಣ ಕಾಲದ 33ನೆಯ ಭಾನುವಾರದಂದು ಈ ಭಾಗವನ್ನು ಓದಲಾಗುತ್ತದೆ. 2019ರ ನವೆಂಬರಿನಲ್ಲಿ ಆ ವಾಚನ ಬಂದಾಗ ನಾನು ಕೊಡಗಿನ ಒಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆ. ದುಡಿಮೆಯ ಮಹಿಮೆಯನ್ನೂ ಸೋಮಾರಿತನದ ಕೇಡನ್ನೂ ಕುರಿತು ಉತ್ಸಾಹದಿಂದಲೇ ಪ್ರಬೋಧನೆ ನೀಡಿದೆ. ಮುಂದಿನ ವಾರದಿಂದ ಒಬ್ಬ ಗೃಹಸ್ಥರು ಬಲಿಪೂಜೆಗೆ ಬರಲಿಲ್ಲ. ವಾಚನ ಓದುತ್ತಿದ್ದವರು, ಗಾಯನ ವೃಂದದಲ್ಲಿದ್ದವರು. ಅವರ ವಿಶ್ವಾಸ ತಣ್ಣಗಾಗಿರಬೇಕೆಂದು ಭಾವಿಸಿ ಸುಮ್ಮನಾದೆ. ತಪಸ್ಸುಕಾಲದ ಆರಂಭದಲ್ಲಿ ಮನೆಗೆ ಹೋದಾಗಷ್ಟೇ ತಿಳಿದದ್ದು: ಅವರು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ವಸತಿಗೃಹ ಆ ವರ್ಷದ ಮಳೆಯ ನಂತರ ಆಳುಗಳನ್ನು ಇಳಿಸಿತ್ತು, ಅವರು ಕೆಲಸ ಕಳೆದುಕೊಂಡು ಆರು ತಿಂಗಳಾಗಿತ್ತು. "ಕಾಣಿಕೆಯ ಬುಟ್ಟಿ ನನ್ನ ಮುಂದೆ ಬಂದಾಗ ಕೈಯನ್ನು ಎಲ್ಲಿಡಲಿ, ಸ್ವಾಮಿ?" ಎಂದು ಅವರು ಕೇಳಿದರು. ನನ್ನ ಪ್ರಬೋಧನೆಯ ಬಗ್ಗೆ ಅವರು ಒಂದು ಮಾತನ್ನೂ ಆಡಲಿಲ್ಲ. ಆಡಬೇಕಾದ ಅಗತ್ಯವೂ ಇರಲಿಲ್ಲ.

ಕೆಲಸವಿಲ್ಲದವನನ್ನು ಅರ್ಥಮಾಡಿಕೊಳ್ಳುವುದರಲ್ಲಿ ಗುರುಗಳಾದ ನಮಗೆ ಒಂದು ಸಹಜವಾದ ಕೊರತೆಯಿದೆ. ನಮ್ಮಲ್ಲಿ ಬಹುಪಾಲು ಜನ ಕೆಲಸ ಹುಡುಕಿದವರಲ್ಲ. ಕೆಲಸದಿಂದ ತೆಗೆಯಲ್ಪಟ್ಟವರೂ ಅಲ್ಲ. ವರ್ಗಾವಣೆಯ ಪತ್ರ ಬರುವಾಗ ಅದರೊಂದಿಗೆ ಮನೆಯೂ ಊಟವೂ ಗೌರವವೂ ಬರುತ್ತವೆ. ಆದ್ದರಿಂದ ಈ ವಿಷಯವನ್ನು ನಾವು ಕಲಿತೇ ತಿಳಿಯಬೇಕು. ಆ ಕಲಿಕೆಗೆ ಸಹಾಯವಾಗುವ ಕೆಲವು ವಿಚಾರಗಳನ್ನು ಕೊಡಗಿನ ಹಿನ್ನೆಲೆಯಲ್ಲಿ ಮುಂದಿಡುವುದು ಈ ಲೇಖನದ ಉದ್ದೇಶ.

1. ಕೊಡಗಿನಲ್ಲಿ ನಿರುದ್ಯೋಗದ ಬಗೆಗಳು

ಕೊಡಗು ದೇಶದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ. ಇಲ್ಲಿ ಕೆಲಸಗಾರರ ಅಭಾವವಿದೆಯೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡಗಳಿಂದ ಕಾರ್ಮಿಕರು ಬರುತ್ತಿದ್ದಾರೆ. ಹೀಗಿರುವಾಗ ನಿರುದ್ಯೋಗದ ಮಾತೇಕೆ ಎಂದು ಕೇಳಬಹುದು. ಆದರೆ ಕೆಲಸದ ಅಭಾವವೂ ಕೆಲಸಗಾರರ ಅಭಾವವೂ ಒಂದೇ ಊರಿನಲ್ಲಿ ಒಟ್ಟಿಗೆ ಇರಬಲ್ಲವು. ಇಲ್ಲಿನ ನಿರುದ್ಯೋಗವನ್ನು ನಾಲ್ಕು ಬಗೆಯಾಗಿ ಗುರುತಿಸಬಹುದು.

ಮೊದಲನೆಯದು ಋತುಮಾನದ ನಿರುದ್ಯೋಗ. ಅರೇಬಿಕಾ ಕೊಯ್ಲು ಸುಮಾರಾಗಿ ನವೆಂಬರಿನಿಂದ ಜನವರಿಯವರೆಗೆ, ರೋಬಸ್ಟಾ ಕೊಯ್ಲು ಡಿಸೆಂಬರಿನಿಂದ ಮಾರ್ಚಿಯವರೆಗೆ ನಡೆಯುತ್ತದೆ. ಆಗ ಕೈಗಳಿಗೆ ಬಿಡುವಿಲ್ಲ. ಜೂನ್ ಕಳೆದು ಕಕ್ಕಡದ ಮಳೆ ಹಿಡಿದಾಗ ದಿನಗೂಲಿಯವರಿಗೆ ವಾರಗಟ್ಟಲೆ ಕೆಲಸವಿರುವುದಿಲ್ಲ. ಆ ದಿನಗಳಲ್ಲಿ ಪಡೆದ ಮುಂಗಡ ಕೊಯ್ಲಿನ ಕಾಲದಲ್ಲಿ ದುಡಿಮೆಯಾಗಿ ತೀರಬೇಕು. 1976ರ ಕಾಯ್ದೆ ಜೀತಪದ್ಧತಿಯನ್ನು ರದ್ದುಪಡಿಸಿತು. ಮಳೆಗಾಲದ ಸಾಲ ಮಾತ್ರ ಇಂದಿಗೂ ಯರವ ಮತ್ತು ಕುರುಬ ಸಮುದಾಯಗಳ ಅನೇಕ ಕುಟುಂಬಗಳ ಸ್ವಾತಂತ್ರ್ಯವನ್ನು ಕುಗ್ಗಿಸುತ್ತಿದೆ.

ಎರಡನೆಯದು ಮನೆಯನ್ನೂ ಕಸಿದುಕೊಳ್ಳುವ ನಿರುದ್ಯೋಗ. ತೋಟಗಳ ಲೈನ್ ಮನೆಗಳಲ್ಲಿ ವಾಸಿಸುವವರಿಗೆ ಸೂರು ಕೆಲಸದೊಂದಿಗೆ ಕಟ್ಟಿಕೊಂಡಿದೆ. ಕಾರ್ಮಿಕರಿಗೆ ವಸತಿ ಒದಗಿಸುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯ್ದೆ ದೊಡ್ಡ ತೋಟಗಳ ಮಾಲೀಕರ ಮೇಲೆ ಹೊರಿಸಿತು. ಅದು ನಿಸ್ಸಂಶಯವಾಗಿ ಉಪಕಾರವೇ. ಆದರೆ ಕೆಲಸ ಹೋದ ದಿನ ಮನೆಯೂ ಹೋಗುತ್ತದೆ. ವಿಳಾಸ ಹೋದ ಮೇಲೆ ಮಕ್ಕಳ ಶಾಲೆ, ಪಡಿತರ ಚೀಟಿ, ಧರ್ಮಕೇಂದ್ರದ ಸಂಬಂಧ ಎಲ್ಲವೂ ಸಡಿಲವಾಗುತ್ತವೆ. ನಮ್ಮ ಧರ್ಮಕೇಂದ್ರಗಳ ತಮಿಳು, ಮಲಯಾಳ, ಕೊಂಕಣಿ, ಕನ್ನಡ ಮಾತನಾಡುವ ಅನೇಕ ಕುಟುಂಬಗಳ ಹಿರಿಯರು ತೋಟದ ಕೆಲಸಕ್ಕೆಂದೇ ಇಲ್ಲಿಗೆ ಬಂದವರು ಎಂಬುದನ್ನು ಮರೆಯಲಾಗದು.

ಮೂರನೆಯದು ಆಕಸ್ಮಿಕ ನಿರುದ್ಯೋಗ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರದ ಕಡೆ ಗುಡ್ಡಗಳು ಕುಸಿದವು. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ಬಳಿಯ ತೋರದಲ್ಲಿ ಭೂಕುಸಿತವಾಯಿತು. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಬಂತು. ಹೋಂಸ್ಟೇ, ಹೋಟೆಲು, ಟ್ಯಾಕ್ಸಿಗಳನ್ನು ನಂಬಿದ್ದವರು ಒಂದರ ಮೇಲೊಂದು ಪೆಟ್ಟು ತಿಂದರು. ಮಾರುಕಟ್ಟೆಯೂ ಇದೇ ರೀತಿ ಕುಸಿಯಬಲ್ಲದು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿದ್ದ ಬಳಿಕ ಬೆಲೆಗಳು ಏರುಪೇರಾಗಿ, ಈ ಶತಮಾನದ ಆರಂಭದಲ್ಲಿ ದಶಕಗಳಲ್ಲೇ ಕಾಣದಷ್ಟು ತಳಕ್ಕಿಳಿದವು. ಎಲ್ಲೋ ದೂರದಲ್ಲಿ ನಿರ್ಧಾರವಾಗುವ ಬೆಲೆ ಸುಂಟಿಕೊಪ್ಪದ ತೋಟದ ಹಾಜರಿ ಪುಸ್ತಕವನ್ನು ತಿದ್ದುತ್ತದೆ.

ನಾಲ್ಕನೆಯದು ಮರಳಿ ಬಂದವರ ನಿರುದ್ಯೋಗ. ಕೊಡಗು ಸೈನಿಕರ ನಾಡು. ಮೂವತ್ತರ ಕೊನೆಯಲ್ಲಿ ಅಥವಾ ನಲವತ್ತರ ಆರಂಭದಲ್ಲಿ ಸೇನೆಯಿಂದ ನಿವೃತ್ತನಾಗಿ ಬರುವ ಜವಾನನಿಗೆ ಪಿಂಚಣಿಯಿರುತ್ತದೆ, ಶಿಸ್ತಿರುತ್ತದೆ, ಮುಂದೆ ಇಪ್ಪತ್ತು ವರ್ಷಗಳ ದುಡಿಯುವ ಆಯುಷ್ಯವಿರುತ್ತದೆ. ಆದರೆ ಊರಿನಲ್ಲಿ ಅವನಿಗೊಂದು ಪಾತ್ರವಿರುವುದಿಲ್ಲ. ಕೊಲ್ಲಿ ದೇಶಗಳಿಂದ ಬಂದವರದೂ ಬೆಂಗಳೂರಿನ ಕಂಪನಿಗಳಿಂದ ಹಿಂದಿರುಗಿದ ಯುವಜನರದೂ ಇಂಥದೇ ಸ್ಥಿತಿ. ಇವರ ಮನೆಯಲ್ಲಿ ಹಸಿವು ಕಾಣದಿರಬಹುದು. ಅದರಿಂದಲೇ ಇವರ ಸಂಕಟ ನಮ್ಮ ಕಣ್ಣಿಗೆ ಬೀಳುವುದಿಲ್ಲ.

2. ನಿರುದ್ಯೋಗ ಮನುಷ್ಯನನ್ನು ಏನು ಮಾಡುತ್ತದೆ?

ವಿಯೆನ್ನಾ ನಗರದ ಬಳಿಯ ಮರಿಯೆಂಥಾಲ್ ಎಂಬ ಹಳ್ಳಿಯ ಜವಳಿ ಗಿರಣಿ ಮುಚ್ಚಿದಾಗ ಬಹುತೇಕ ಇಡೀ ಊರೇ ನಿರುದ್ಯೋಗಿಯಾಯಿತು. ಮರೀ ಯಹೋಡ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಅವರು ಅಲ್ಲಿ ನಡೆಸಿ 1933ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಇಂದಿಗೂ ಮೂಲಗ್ರಂಥ. ಬಿಡುವು ಹೆಚ್ಚಿದರೆ ಜನ ಹೆಚ್ಚು ಓದಬಹುದು, ಸಂಘಗಳಲ್ಲಿ ಹೆಚ್ಚು ತೊಡಗಬಹುದು ಎಂದು ನಾವು ಊಹಿಸುತ್ತೇವೆ. ಅಲ್ಲಿ ಆದದ್ದು ಬೇರೆ. ಗ್ರಂಥಾಲಯದಿಂದ ಪುಸ್ತಕ ಒಯ್ಯುವವರು ಕಡಿಮೆಯಾದರು. ಗಂಡಸರು ಬೀದಿಯಲ್ಲಿ ನಡೆಯುವ ವೇಗವೇ ತಗ್ಗಿತು. ಬೆಳಗಿನಿಂದ ಸಂಜೆಯವರೆಗೆ ಏನು ಮಾಡಿದಿರಿ ಎಂದರೆ ಹೇಳಲು ಅವರಿಗೆ ಏನೂ ಉಳಿಯಲಿಲ್ಲ. ಮನೆಗೆಲಸದ ಹೊಣೆ ಹೊತ್ತಿದ್ದ ಹೆಂಗಸರ ದಿನಕ್ಕೆ ಮಾತ್ರ ಆಕಾರ ಉಳಿದಿತ್ತು.

ಯಹೋಡ ಅವರು ಮುಂದೆ ಇದನ್ನು ಸಿದ್ಧಾಂತವಾಗಿ ವಿವರಿಸಿದರು. ಉದ್ಯೋಗವು ಸಂಬಳದ ಜೊತೆಗೆ ದಿನಕ್ಕೆ ಒಂದು ಚೌಕಟ್ಟನ್ನು, ಮನೆಯಾಚೆಯ ಸಹವಾಸವನ್ನು, ಹತ್ತು ಜನರೊಂದಿಗೆ ಹಂಚಿಕೊಂಡ ಗುರಿಯನ್ನು, ಸಮಾಜದಲ್ಲಿ ಸ್ಥಾನವನ್ನು, ನಿಯತವಾದ ಚಟುವಟಿಕೆಯನ್ನು ಕೊಡುತ್ತದೆ. ಕೆಲಸ ಹೋದಾಗ ಈ ಐದೂ ಒಟ್ಟಿಗೆ ಹೋಗುತ್ತವೆ. ಅಕ್ಕಿಯ ಚೀಲವೊಂದನ್ನು ಕಳುಹಿಸಿ ನಮ್ಮ ಕರ್ತವ್ಯ ಮುಗಿಯಿತೆನ್ನುವುದು ಏಕೆ ಸಾಲದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಲ್ಲಿ ಗುರುಗಳು ವಿಶೇಷವಾಗಿ ಗಮನಿಸಬೇಕಾದದ್ದು ನಾಚಿಕೆ. ಅಪರಾಧಪ್ರಜ್ಞೆ 'ನಾನು ತಪ್ಪು ಮಾಡಿದೆ' ಎನ್ನುತ್ತದೆ. ನಾಚಿಕೆ 'ನಾನೇ ತಪ್ಪು' ಎನ್ನುತ್ತದೆ. ಮೊದಲನೆಯದಕ್ಕೆ ಪಾಪವಿಮೋಚನೆಯುಂಟು. ಎರಡನೆಯದು ವಿಮೋಚನೆಯ ಮಾತು ಕೇಳಿದ ಮೇಲೂ ಹಾಗೆಯೇ ಉಳಿಯುತ್ತದೆ. ಪಾಪನಿವೇದನೆಗೆ ಬರುವ ನಿರುದ್ಯೋಗಿ, ಪಾಪವಲ್ಲದ್ದನ್ನು ಪಾಪವೆಂದು ಒಪ್ಪಿಸುವುದುಂಟು: ಹೆಂಡತಿಯ ಸಂಪಾದನೆಯಲ್ಲಿ ಉಣ್ಣುತ್ತಿದ್ದೇನೆ, ಮಗಳ ಶುಲ್ಕ ಕಟ್ಟಲಾಗಲಿಲ್ಲ ಎಂದು. ಅದೇ ನಾಚಿಕೆಯಿಂದ ಹುಟ್ಟಿದ ಕುಡಿತವನ್ನೋ ಮನೆಯವರ ಮೇಲಿನ ಸಿಟ್ಟನ್ನೋ ಹೇಳದೆ ಹೋಗುವುದೂ ಉಂಟು. ಎರಡನ್ನೂ ಬೇರ್ಪಡಿಸಿ ತೋರಿಸುವುದು ನಿವೇದನೆ ಕೇಳುವ ಗುರುವಿನ ಹೊಣೆ.

3. ಪವಿತ್ರ ಗ್ರಂಥದ ಬೆಳಕಿನಲ್ಲಿ

ಮೊದಲು, ಆರಂಭದಲ್ಲಿ ಹೇಳಿದ ಪೌಲರ ಮಾತಿಗೆ ಬರೋಣ. ಅಲ್ಲಿ ಬಳಕೆಯಾಗಿರುವ ಗ್ರೀಕ್ ಕ್ರಿಯಾಪದ 'ಥೆಲೊ', ಅಂದರೆ ಇಚ್ಛಿಸು, ಮನಸ್ಸುಮಾಡು. ಪೌಲರ ಟೀಕೆ ದುಡಿಯಲು ಒಲ್ಲದವರನ್ನು ಕುರಿತದ್ದು. ದುಡಿಮೆಯನ್ನು ತೊರೆದು ಪರರ ವಿಷಯದಲ್ಲಿ ತಲೆಹಾಕುತ್ತಾ ತಿರುಗುತ್ತಿದ್ದ ಕೆಲವರು ಆ ಸಭೆಯಲ್ಲಿದ್ದರು. ಕೆಲಸ ಬೇಡಿಯೂ ದೊರಕದವರು ಈ ವಾಕ್ಯದ ವ್ಯಾಪ್ತಿಯೊಳಗೇ ಇಲ್ಲ. ಅವರನ್ನೂ ಅದರೊಳಗೆ ಸೇರಿಸಿದ್ದು ನನ್ನ ಪ್ರಬೋಧನೆಯ ದೋಷವಾಗಿತ್ತು.

ಎರಡನೆಯದು ಮತ್ತಾಯನ ಶುಭಸಂದೇಶದ 20ನೆಯ ಅಧ್ಯಾಯದ ದ್ರಾಕ್ಷಿತೋಟದ ಸಾಮತಿ. ಬೆಳಿಗ್ಗೆ ಗೋಣಿಕೊಪ್ಪಲಿನಲ್ಲೋ ಸಿದ್ದಾಪುರದಲ್ಲೋ ಬುತ್ತಿ ಹಿಡಿದು ತೋಟದ ಜೀಪಿಗಾಗಿ ಕಾಯುವವರನ್ನು ಕಂಡವರಿಗೆ ಈ ಸಾಮತಿಗೆ ವ್ಯಾಖ್ಯಾನ ಬೇಕಿಲ್ಲ. ಸಂಜೆ ಐದರವರೆಗೂ ನಿಂತವರನ್ನು ಯಜಮಾನ ಕಾರಣ ಕೇಳುತ್ತಾನೆ; ತಮ್ಮನ್ನು ಯಾರೂ ಕರೆಯಲಿಲ್ಲವೆಂದು ಅವರು ಉತ್ತರಿಸುತ್ತಾರೆ; ಆ ಉತ್ತರವನ್ನು ಅವನು ಸಂಶಯಿಸುವುದಿಲ್ಲ. ಬಳಿಕ ಅವರಿಗೆ ಕೆಲಸವನ್ನೂ ಕೊಡುತ್ತಾನೆ, ಒಂದು ದಿನದ ಜೀವನಕ್ಕೆ ಬೇಕಾದ ಪೂರ್ತಿ ಕೂಲಿಯನ್ನೂ ಕೊಡುತ್ತಾನೆ. ಈ ಸಾಮತಿಯನ್ನು ದೇವರ ಕೃಪೆಯ ದೃಷ್ಟಾಂತವೆಂದು ಬೋಧಿಸುತ್ತೇವೆ, ಅದು ಸರಿಯೇ. ಆದರೆ ಕೃಪೆಯ ಆ ಚಿತ್ರಕ್ಕೆ ಯೇಸುಸ್ವಾಮಿ ಆರಿಸಿಕೊಂಡದ್ದು ದಿನವಿಡೀ ಕಾದು ನಿಂತ ಕೂಲಿಯವರನ್ನು ಎಂಬುದೂ ಮುಖ್ಯ.

ಮೂರನೆಯದು ಲೂಕನ ಶುಭಸಂದೇಶದ 16ನೆಯ ಅಧ್ಯಾಯದ ಮೇಲ್ವಿಚಾರಕ. ಅವನ ಮೋಸದ ಸಮಸ್ಯೆಯಲ್ಲೇ ನಮ್ಮ ವ್ಯಾಖ್ಯಾನಗಳು ಮುಳುಗಿಹೋಗುತ್ತವೆ. ಕೆಲಸ ಕಳೆದುಕೊಳ್ಳಲಿರುವ ಮನುಷ್ಯನ ಅಂತರಂಗವನ್ನು ಇಷ್ಟು ಹತ್ತಿರದಿಂದ ತೋರುವ ಇನ್ನೊಂದು ಭಾಗ ಶುಭಸಂದೇಶಗಳಲ್ಲಿ ನನಗೆ ಕಂಡಿಲ್ಲ. ಅಗೆಯಲು ತನಗೆ ಬಲವಿಲ್ಲ, ಬೇಡಲು ತನಗೆ ನಾಚಿಕೆ ಎಂದು ಅವನು ತನ್ನೊಳಗೇ ಹೇಳಿಕೊಳ್ಳುತ್ತಾನೆ. ನಡುವಯಸ್ಸಿನಲ್ಲಿ ಕೆಲಸ ಹೋದವರ ಇಕ್ಕಟ್ಟು ಈ ಎರಡು ಮಾತುಗಳಲ್ಲಿದೆ. ಅವನ ವಕ್ರಮಾರ್ಗವನ್ನು ಮೆಚ್ಚಬೇಕಾಗಿಲ್ಲ. ಅವನು ತನ್ನ ಸ್ಥಿತಿಯನ್ನು ನೇರವಾಗಿ ನೋಡಿದ, ತನ್ನನ್ನು ಮನೆಗೆ ಸೇರಿಸಿಕೊಳ್ಳುವವರು ಯಾರೆಂದು ಕೂಡಲೇ ಯೋಚಿಸಿದ ಎಂಬುದನ್ನು ಗಮನಿಸಿದರೆ ಸಾಕು.

ಹಳೆಯ ಒಡಂಬಡಿಕೆಯೂ ಇಲ್ಲಿ ಮೌನವಾಗಿಲ್ಲ. ಕೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಹಕ್ಕಲು ಆಯುವ ಹಕ್ಕನ್ನು ಯಾಜಕಕಾಂಡ ಬಡವರಿಗೂ ಪರದೇಶಿಗೂ ಮೀಸಲಿಡುತ್ತದೆ. ಆ ಹಕ್ಕಿನಿಂದಲೇ ರೂತಳು ಬೋವಜನ ಹೊಲಕ್ಕಿಳಿದಳು. ನೆರೆಯವನ ಜೀವನೋಪಾಯವನ್ನು ಕಸಿಯುವುದನ್ನು ಸಿರಾಖನ ಗ್ರಂಥ ಕೊಲೆಗೆ ಸಮನೆಂದು ಎಣಿಸುತ್ತದೆ.

4. ಧರ್ಮಸಭೆಯ ಬೋಧನೆ

1891ರ 'ರೇರುಮ್ ನೊವಾರುಮ್' ವಿಶ್ವಪತ್ರದಿಂದ ಆರಂಭವಾದ ಸಾಮಾಜಿಕ ಬೋಧನೆಯಲ್ಲಿ ನಿರುದ್ಯೋಗವನ್ನು ನೇರವಾಗಿ ಎದುರಿಸಿದ ಪ್ರಮುಖ ದಾಖಲೆ ಎರಡನೆಯ ಜಾನ್ ಪೌಲರ 'ಲಬೋರೆಮ್ ಎಕ್ಸೆರ್ಚೆನ್ಸ್' (1981). ಅದರ ಎರಡು ವಿಚಾರಗಳು ನಮಗೆ ಅತ್ಯವಶ್ಯ. ದುಡಿಮೆಯ ಬೆಲೆ ನಿರ್ಧಾರವಾಗುವುದು ಮಾಡಿದ ಕೆಲಸದ ಬಗೆಯಿಂದಲ್ಲ, ಮಾಡುವವನು ಮನುಷ್ಯನೆಂಬುದರಿಂದ ಎಂಬುದು ಒಂದು. ಹಾಗಾದರೆ ಮೇಸ್ತ್ರಿಯಾಗಿದ್ದವನು ಕೂಲಿಯಾಗಿ ಮರಳಿದರೂ ಅವನ ಘನತೆ ಇಳಿಯುವುದಿಲ್ಲ. 'ಪರೋಕ್ಷ ಉದ್ಯೋಗದಾತ' ಎಂಬ ಪರಿಕಲ್ಪನೆ ಇನ್ನೊಂದು: ಸಂಬಳ ಕೊಡುವವನಷ್ಟೇ ಅಲ್ಲದೆ, ಕಾನೂನು, ಮಾರುಕಟ್ಟೆ, ಸರ್ಕಾರ ಹಾಗೂ ಸಂಸ್ಥೆಗಳೂ ಕೆಲಸದ ಇರವಿಗೂ ಇಲ್ಲದಿರುವಿಕೆಗೂ ಹೊಣೆ.

ಹದಿನಾರನೆಯ ಬೆನೆಡಿಕ್ಟರು 2009ರ 'ಕಾರಿತಾಸ್ ಇನ್ ವೆರಿತಾತೆ'ಯಲ್ಲಿ, ದೀರ್ಘಕಾಲ ಕೆಲಸವಿಲ್ಲದೆ ನೆರವನ್ನೇ ಅವಲಂಬಿಸುವುದು ವ್ಯಕ್ತಿಯ ಸ್ವಾತಂತ್ರ್ಯವನ್ನೂ ಕುಟುಂಬದ ಬಾಂಧವ್ಯವನ್ನೂ ಸವೆಸುತ್ತದೆ ಎಂದು ಎಚ್ಚರಿಸಿದರು. 2015ರ 'ಲೌದಾತೊ ಸೀ'ಯಲ್ಲಿ ವಿಶ್ವಗುರು ಫ್ರಾನ್ಸಿಸರು, ಹಣದ ನೆರವು ತಾತ್ಕಾಲಿಕ ಪರಿಹಾರವಾಗಿದ್ದು, ದುಡಿದು ಘನತೆಯಿಂದ ಬಾಳುವಂತೆ ಮಾಡುವುದೇ ಗುರಿಯಾಗಬೇಕೆಂದು ತಿಳಿಸಿದರು. 2020ರ ಡಿಸೆಂಬರ್ 8ರ 'ಪಾತ್ರಿಸ್ ಕೋರ್ದೆ' ಪ್ರೇಷಿತ ಪತ್ರದಲ್ಲಿ ಕೋವಿಡ್ ಕಾಲದ ನಿರುದ್ಯೋಗವನ್ನು ಸಂತ ಜೋಸೆಫರ ದುಡಿಮೆಯೊಂದಿಗೆ ಜೋಡಿಸಿ ಧ್ಯಾನಿಸಿದರು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಹನ್ನೆರಡನೆಯ ಶತಮಾನದ ಶರಣರ ಕಾಯಕ ತತ್ತ್ವ ಕನ್ನಡ ನೆಲದ ದೊಡ್ಡ ಆಸ್ತಿ. ದುಡಿಮೆಯ ಕುರಿತ ನಮ್ಮ ದೈವಶಾಸ್ತ್ರ ಅದರಿಂದ ಕಲಿಯಬೇಕಾದದ್ದು ಬಹಳವಿದೆ. ಆ ಶರಣರು ಕಾಯಕದ ಜೊತೆಗೇ ದಾಸೋಹವನ್ನೂ ಇರಿಸಿದರು. ಹಂಚಿಕೆಯನ್ನು ಬಿಟ್ಟು ದುಡಿಮೆಯನ್ನಷ್ಟೇ ಹೊಗಳಿದರೆ, ದುಡಿಮೆ ಸಿಗದವನನ್ನು ದೇವರ ಅಂಗಳದಿಂದಲೂ ಹೊರಗಿಟ್ಟಂತಾಗುತ್ತದೆ. ಕ್ರೈಸ್ತ ವಿಶ್ವಾಸದಲ್ಲಿ ಮನುಷ್ಯ ದೇವರ ಪ್ರತಿರೂಪವಾಗಿರುವುದು ಆದಿಕಾಂಡದ ಮೊದಲ ಅಧ್ಯಾಯದಲ್ಲಿ. ತೋಟವನ್ನು ಕಾಯುವ ಕೆಲಸ ಅವನಿಗೆ ದೊರಕುವುದು ಎರಡನೆಯ ಅಧ್ಯಾಯದಲ್ಲಿ. ಘನತೆ ಮೊದಲು, ಕೆಲಸ ಆಮೇಲೆ.

5. ಚರಿತ್ರೆಯ ಪಾಠ

ಕೊಡಗಿನ ಧರ್ಮಸಭೆಯ ಆರಂಭವೇ ಎಲ್ಲವನ್ನೂ ಕಳೆದುಕೊಂಡವರಿಂದ ಆಯಿತು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ಯಾಥೋಲಿಕರಿಗೆ ದೊಡ್ಡ ವೀರರಾಜೇಂದ್ರನು ವಿರಾಜಪೇಟೆಯಲ್ಲಿ ನೆಲೆ ಕೊಟ್ಟನು. ಅಲ್ಲಿನ ಸಂತ ಅನ್ನಮ್ಮನವರ ದೇವಾಲಯದ ಮೂಲ 1792ಕ್ಕೆ ಹೋಗುತ್ತದೆ. ಅನ್ಯಧರ್ಮದ ಅರಸನೊಬ್ಬ ನಮ್ಮ ಹಿರಿಯರಿಗೆ ಮತ್ತೆ ಬದುಕು ಕಟ್ಟಿಕೊಳ್ಳಲು ಎಡೆ ಕೊಟ್ಟದ್ದರ ಋಣ ನಮ್ಮ ಮೇಲಿದೆ.

ನಮ್ಮ ಪ್ರೊಟೆಸ್ಟಂಟ್ ಸೋದರರ ಅನುಭವವೂ ಬೋಧಪ್ರದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು, ಮತಾಂತರದಿಂದ ಜಾತಿಯನ್ನೂ ಅದರೊಂದಿಗೆ ಜೀವನೋಪಾಯವನ್ನೂ ಕಳೆದುಕೊಂಡವರ ಪ್ರಶ್ನೆಯನ್ನು ಎದುರಿಸಬೇಕಾಯಿತು. ನೇಯ್ಗೆಯ ಕಾರ್ಖಾನೆ, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ ಇದಕ್ಕೆ ಅವರ ಉತ್ತರ. ಹೆರ್ಮನ್ ಮೋಗ್ಲಿಂಗರು 1850ರ ದಶಕದಲ್ಲಿ ಕೊಡಗಿಗೆ ಬಂದು ಆನಂದಪುರದಲ್ಲಿ ನೆಲೆಯೊಂದನ್ನು ಸ್ಥಾಪಿಸಿದರು. ಉಪದೇಶದ ಜೊತೆಗೆ ಉದ್ಯೋಗವೂ ಬೇಕೆಂಬ ಅರಿವು ಅವರದಾಗಿತ್ತು. ಆದರೆ ಸಭೆಯೂ ಸಂಬಳವೂ ಒಂದೇ ಕೈಯಲ್ಲಿದ್ದಾಗ ವಿಶ್ವಾಸಿಯ ಸ್ವಾತಂತ್ರ್ಯಕ್ಕೆ ತೊಡಕುಂಟು. ಮೊದಲ ಮಹಾಯುದ್ಧದ ಕಾಲದಲ್ಲಿ ಆ ಉದ್ಯಮಗಳು ಮಿಶನ್ನಿನ ಕೈತಪ್ಪಿದವು. ಧರ್ಮಕೇಂದ್ರ ತಾನೇ ಯಜಮಾನನಾಗುವುದಕ್ಕಿಂತ, ಜನರನ್ನು ಕೆಲಸದ ಬಾಗಿಲವರೆಗೆ ಜೊತೆಗೂಡಿ ಕರೆದೊಯ್ಯುವುದು ಮೇಲು ಎಂಬ ಪಾಠವನ್ನು ನಾನು ಇದರಿಂದ ಗ್ರಹಿಸುತ್ತೇನೆ.

6. ಮರಳಿ ಕೆಲಸಕ್ಕೆ: ಧರ್ಮಕೇಂದ್ರದ ಪಾತ್ರ

ಮೊದಲನೆಯ ಹೆಜ್ಜೆ ಕಂಡುಹಿಡಿಯುವುದು. ನಿರುದ್ಯೋಗಿ ತಾನಾಗಿ ಬಂದು ಹೇಳುವುದಿಲ್ಲ. ವಾರದ ದಿನದಲ್ಲಿ, ಬೆಳಗಿನ ಹನ್ನೊಂದು ಗಂಟೆಗೆ ಮನೆಗಳನ್ನು ಸಂದರ್ಶಿಸಿದರೆ ಯಾರು ಮನೆಯಲ್ಲಿದ್ದಾರೆಂಬುದು ತಿಳಿಯುತ್ತದೆ. ಭೇಟಿ ಆಶೀರ್ವಾದಕ್ಕೆಂದು ಇರಲಿ, ವಿಚಾರಣೆಗೆಂದು ಬೇಡ.

ಎರಡನೆಯದು ನಾಚಿಕೆಯ ಕಾರಣಗಳನ್ನು ತೆಗೆಯುವುದು. ವಾರ್ಷಿಕ ವಂತಿಗೆ ಬಾಕಿಯಿರುವವರ ಹೆಸರನ್ನು ಫಲಕದಲ್ಲಿ ಹಾಕುವ, ಸಂಸ್ಕಾರಗಳ ಪ್ರಮಾಣಪತ್ರಕ್ಕೆ ಬಾಕಿಯನ್ನು ತಳಕು ಹಾಕುವ ಪದ್ಧತಿ ಎಲ್ಲಾದರೂ ಇದ್ದರೆ ಅದು ನಿಲ್ಲಬೇಕು. ಸಂತ ವಿನ್ಸೆಂಟ್ ದಿ ಪೌಲ್ ಸಭೆಯ ನೆರವು ಸಭಾಂಗಣದ ವೇದಿಕೆಯಿಂದ ಹೋಗುವ ಬದಲು ಮನೆಯ ಹಿತ್ತಲಿನಿಂದ ಹೋಗಲಿ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ರೋಗಿಗಳಂತೆ ಕೆಲಸ ಹುಡುಕುವವರಿಗೂ ಸ್ಥಾನವಿರಲಿ, ಹೆಸರುಗಳಿಲ್ಲದೆ.

ಮೂರನೆಯದು ಮಾಹಿತಿ. ನಮ್ಮ ಸಂವಿಧಾನದ 41ನೆಯ ವಿಧಿ ಕೆಲಸದ ಹಕ್ಕನ್ನೂ ನಿರುದ್ಯೋಗದಲ್ಲಿ ಸಾರ್ವಜನಿಕ ನೆರವನ್ನೂ ರಾಜ್ಯದ ಗುರಿಯಾಗಿ ಹೇಳಿದೆ. 2005ರ ಉದ್ಯೋಗ ಖಾತರಿ ಕಾಯ್ದೆ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸವನ್ನು ಹಕ್ಕಾಗಿಸಿತು. ಇ.ಎಸ್.ಐ. ವ್ಯಾಪ್ತಿಯಲ್ಲಿದ್ದು ಕೆಲಸ ಕಳೆದುಕೊಂಡವರಿಗೆ 2018ರ ಜುಲೈನಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಗರಿಷ್ಠ 90 ದಿನಗಳ ನೆರವು ದೊರಕತೊಡಗಿತು. ಕರ್ನಾಟಕದ ಯುವನಿಧಿ ಯೋಜನೆ ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವರಿಗೆ 1500 ರೂಪಾಯಿಯನ್ನು ಎರಡು ವರ್ಷದ ಮಿತಿಯಲ್ಲಿ ಕೊಡಲು ರೂಪುಗೊಂಡಿತು. ಮಾಜಿ ಸೈನಿಕರಿಗೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಿದೆ. ಈ ಯೋಜನೆಗಳ ನಿಯಮಗಳು ಬದಲಾಗುತ್ತಿರುವುದರಿಂದ, ಅವನ್ನು ಗಮನಿಸಿ ಅರ್ಜಿ ತುಂಬಿಸಿಕೊಡಬಲ್ಲ ಒಬ್ಬರನ್ನು ಪಾಲನಾ ಪರಿಷತ್ತು ನೇಮಿಸಿಕೊಳ್ಳುವುದು ಸಾಧ್ಯವಿದೆ.

ನಾಲ್ಕನೆಯದು ಪರಿಚಯ. ನಮ್ಮ ಊರುಗಳಲ್ಲಿ ಕೆಲಸ ಸಿಗುವುದು ಹೆಚ್ಚಾಗಿ ಬಾಯಿಮಾತಿನಿಂದ. ಕೆಲಸವಿಲ್ಲದವನು ಜನರಿಂದ ದೂರ ಸರಿದಷ್ಟೂ ಆ ಬಾಯಿಮಾತು ಅವನನ್ನು ತಲುಪುವುದಿಲ್ಲ. ಭಾನುವಾರದ ಪೂಜೆಗೆ ತೋಟದ ಮಾಲೀಕರೂ ಅಂಗಡಿಯವರೂ ಗುತ್ತಿಗೆದಾರರೂ ಬರುತ್ತಾರೆ. ಒಂದು ನಿಜವಾದ ಮಾತನ್ನು ಅವರ ಕಿವಿಯಲ್ಲಿ ಹಾಕುವುದು ಗುರುವಿಗೆ ಸುಲಭ. ಶಿಫಾರಸು ಪತ್ರದಲ್ಲಿ ಇಲ್ಲದ ಗುಣ ಬರೆಯಬಾರದು. ಇರುವ ಗುಣವನ್ನು ಬರೆಯಲು ಹಿಂಜರಿಯಲೂಬಾರದು.

ಐದನೆಯದು ದಿನಕ್ಕೆ ಆಕಾರ ಕೊಡುವುದು. ಕೆಲಸ ಹುಡುಕುತ್ತಿರುವ ಮೂರು ನಾಲ್ಕು ಮಂದಿ ವಾರಕ್ಕೊಮ್ಮೆ ಸೇರಿ, ಎಲ್ಲಿ ಕೇಳಿದೆವು, ಎಲ್ಲಿ ನಿರಾಕರಿಸಿದರು ಎಂದು ಮಾತನಾಡಿಕೊಂಡರೆ ನಿರಾಕರಣೆಯ ಭಾರ ಹಂಚಿಹೋಗುತ್ತದೆ. ಅವರಿಗೆ ದೇವಾಲಯದಲ್ಲಿ ಒಂದು ಸೇವೆ ವಹಿಸುವುದು ಒಳ್ಳೆಯದು. ಆದರೆ ಬಿಡುವಿದೆಯೆಂದು ಅವರಿಂದ ಪುಕ್ಕಟೆ ಸುಣ್ಣಬಣ್ಣ ಮಾಡಿಸಿಕೊಳ್ಳಬಾರದು. ಕೂಲಿಗೆ ಅರ್ಹವಾದ ಕೆಲಸಕ್ಕೆ ಕೂಲಿ ಸಲ್ಲಬೇಕು.

ಆರನೆಯದು ನಮ್ಮ ಆತ್ಮಪರೀಕ್ಷೆ. ಶಾಲೆ, ಆಸ್ಪತ್ರೆ, ವಿದ್ಯಾರ್ಥಿನಿಲಯ ನಡೆಸುವ ಧರ್ಮಸಭೆ ತಾನೂ ಉದ್ಯೋಗದಾತ. ರಜೆಯ ತಿಂಗಳಲ್ಲಿ ಸಂಬಳವಿಲ್ಲದ ತಾತ್ಕಾಲಿಕ ಶಿಕ್ಷಕಿ, ಕಾಗದವಿಲ್ಲದೆ ದುಡಿಯುವ ಅಡುಗೆಯವರು ನಮ್ಮ ಆವರಣದಲ್ಲಿದ್ದಾರೆಯೇ ಎಂದು ಕೇಳಿಕೊಳ್ಳದೆ ಮೇ 1ರಂದು ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನು ಆಚರಿಸುವುದು ಕಷ್ಟ.

ಕೊನೆಯದಾಗಿ, ಕೆಲಸ ಸಿಕ್ಕಮೇಲೂ ಜೊತೆಗಿರಬೇಕು. ಹೊಸ ಕೆಲಸ ಸಾಮಾನ್ಯವಾಗಿ ಕಡಿಮೆ ಸಂಬಳದ್ದು. ಮೇಲಿನವರು ವಯಸ್ಸಿನಲ್ಲಿ ಕಿರಿಯರು. ಹಳೆಯ ಸಾಲ ಮೊದಲ ಸಂಬಳಕ್ಕೇ ಕಾದಿರುತ್ತದೆ. ಮತ್ತೆ ತೆಗೆದುಹಾಕುವರೆಂಬ ಅಂಜಿಕೆ ನಿದ್ದೆಗೆಡಿಸುತ್ತದೆ. ಸಂತೋಷದ ದಿನವೆಂದು ನಾವು ಕೈಬಿಡುವ ಹೊತ್ತಿನಲ್ಲೇ ಅನೇಕರು ಕುಸಿಯುತ್ತಾರೆ. ಮೊದಲ ಆರು ತಿಂಗಳಾದರೂ ವಿಚಾರಿಸುತ್ತಿರಬೇಕು.

ಉಪಸಂಹಾರ

ಆ ಗೃಹಸ್ಥರ ಪ್ರಶ್ನೆಗೆ ಅಂದು ನನ್ನ ಬಳಿ ಉತ್ತರವಿರಲಿಲ್ಲ. ತಪ್ಪನ್ನು ಒಪ್ಪಿಕೊಂಡು ಹಿಂದಿರುಗಿದೆ. ಕೆಲವೇ ವಾರಗಳಲ್ಲಿ ಲಾಕ್‌ಡೌನ್ ಬಂದು ದೇವಾಲಯಗಳೇ ಮುಚ್ಚಿದವು. ಮುಂದಿನ ವರ್ಷ ಅವರಿಗೆ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ದೊರೆಯಿತು, ಹಿಂದಿನದಕ್ಕಿಂತ ಕಡಿಮೆ ಸಂಬಳಕ್ಕೆ. ಪೂಜೆಗೆ ಮರಳಿದ ಮೊದಲ ಭಾನುವಾರಗಳಲ್ಲಿ ಕೊನೆಯ ಸಾಲಿನಲ್ಲಿ ಕುಳಿತು, ಅಂತಿಮ ಆಶೀರ್ವಾದಕ್ಕೆ ಮುನ್ನವೇ ಎದ್ದು ಹೋಗುತ್ತಿದ್ದರು. ವಾಚನ ಓದಲು ಒಪ್ಪಿಕೊಂಡದ್ದು ಬಹಳ ತಿಂಗಳುಗಳ ನಂತರ.

ಪರಮಪ್ರಸಾದದ ಅರ್ಪಣೆಯಲ್ಲಿ ನಾವು ರೊಟ್ಟಿಯನ್ನು ಭೂಮಿಯ ಫಲವೆಂದೂ ಮಾನವರ ದುಡಿಮೆಯ ಫಲವೆಂದೂ ಅರ್ಪಿಸುತ್ತೇವೆ. ಆ ಹೊತ್ತಿನಲ್ಲಿ ದುಡಿಮೆಯಿಲ್ಲದ ಒಂದು ಜೊತೆ ಕೈ ನಮ್ಮ ಮುಂದಿನ ಸಾಲಿನಲ್ಲೋ ಕೊನೆಯ ಸಾಲಿನಲ್ಲೋ ಇರುತ್ತದೆ. ಅದೇ ರೊಟ್ಟಿ ಆ ಕೈಗಳಿಗೂ ಪೂರ್ತಿಯಾಗಿ ಸಲ್ಲುತ್ತದೆ, ಐದು ಗಂಟೆಗೆ ಬಂದವನಿಗೆ ಸಂದ ಕೂಲಿಯಂತೆ. ಗುರುದೀಕ್ಷೆಗೆ ಸಿದ್ಧರಾಗುತ್ತಿರುವ ತಮ್ಮಂದಿರು ತಮ್ಮ ಮೊದಲ ಧರ್ಮಕೇಂದ್ರಕ್ಕೆ ಹೋದಾಗ ಆ ಕೈಗಳು ಯಾರವೆಂದು ತಿಳಿದುಕೊಂಡ ಬಳಿಕ ಪೀಠವೇರಲಿ ಎಂಬುದು ನನ್ನ ವಿನಂತಿ.